ಬಾದಾಮಿ ಕಲ್ಲಿನ ಕೆಂಪು ಯಾವ ಕೆಂಪು?

ಬಾದಾಮಿಯ ಮೂರನೇ ಗುಹೆಯ ಒಳಗೆ ನಿಂತು, ಹೊರಗಿನ ಆಕಾಶವೂ ಬರುವಂತೆ ಫೋಟೊ ತೆಗೆಯಲು ಹೋದವರಿಗೆಲ್ಲ ಒಂದು ಕಷ್ಟ ಗೊತ್ತು. ಕ್ರಿ.ಶ. 578ರ ಮಂಗಳೇಶನ ಶಾಸನವಿರುವ ಈ ಗುಹೆಯ ಕಂಬಗಳು ಚೆನ್ನಾಗಿ ಕಾಣಲಿ ಎಂದರೆ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆಕಾಶದ ನೀಲಿ ಬರಲಿ ಎಂದರೆ ಕಂಬಗಳಿಗೆ ಮಸಿ ಮೆತ್ತಿಕೊಳ್ಳುತ್ತದೆ. ನೆರಳಿನಿಂದ ಬಿಸಿಲಿಗೆ ಹೊರಳಿದಾಗ ನಮ್ಮ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾಗೆ ಒಂದು ಕ್ಲಿಕ್‌ಗೆ ಒಂದೇ ಎಕ್ಸ್‌ಪೋಷರ್.

ಪರಿಹಾರ ಸರಳ. ಅಪರ್ಚರ್, ಐಎಸ್‌ಒ ಬದಲಿಸದೆ ಶಟರ್ ವೇಗವನ್ನಷ್ಟೇ 1/250, 1/60, 1/15 ಸೆಕೆಂಡ್ ಎಂದು ಬದಲಿಸುತ್ತಾ ಅದೇ ದೃಶ್ಯವನ್ನು ಮೂರು ಸಲ ತೆಗೆಯಬೇಕು. ಪ್ರತಿ ಹೆಜ್ಜೆಗೂ ಬೆಳಕು ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ. ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಾನು ಮೊಣಕೈಗಳನ್ನು ಎದೆಗೊತ್ತಿಕೊಂಡು, ಉಸಿರು ಹಿಡಿದು ಸಾಲಾಗಿ ಮೂರು ಕ್ಲಿಕ್ ಮಾಡುತ್ತೇನೆ. ಸ್ವಲ್ಪ ಅಲುಗಾಡಿದ್ದನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸಬಹುದು.

ಮೂರನ್ನು ಒಂದು ಮಾಡುವುದು ಹೇಗೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಎಚ್‌ಡಿಆರ್ ಸಾಫ್ಟ್‌ವೇರ್‌ಗೆ ಕೊಟ್ಟರೆ ಕೆಲವೇ ಕ್ಷಣದ ಕೆಲಸ. ಅದು ಮೂರನ್ನೂ ಬೆರೆಸಿ, ಪರದೆ ತೋರಿಸಬಲ್ಲಷ್ಟು ಮಿತಿಗೆ ಬೆಳಕನ್ನು ಕುಗ್ಗಿಸುತ್ತದೆ. ಇದೇ ಟೋನ್ ಮ್ಯಾಪಿಂಗ್. ಇದನ್ನು ಜಾಸ್ತಿ ಎಳೆದರೆ ಗುಡ್ಡದ ಅಂಚಿಗೆ ಬಿಳಿ ಪ್ರಭೆ ಕಟ್ಟುತ್ತದೆ, ಮರಳುಗಲ್ಲಿನ ಕೆಂಪು ಕಿತ್ತಳೆಯಾಗುತ್ತದೆ. ಶಿಲ್ಪಕ್ಕೆ ಆಳ ಕೊಡುವುದೇ ನೆರಳು. ಅದನ್ನು ಪೂರ್ತಿ ಎತ್ತಿಬಿಟ್ಟರೆ ವರಾಹನೂ ಗೋಡೆಯ ಚಿತ್ರದಂತೆ ಚಪ್ಪಟೆ. ಇನ್ನು ಮೂರು ಕ್ಲಿಕ್‌ಗಳ ನಡುವೆ ಬಾದಾಮಿಯ ಕೋತಿ ಓಡಿದರಂತೂ ಒಂದೇ ಕೋತಿಗೆ ಮೂರು ಬಾಲ!

ಕೈಯಿಂದ ಬೆರೆಸುವುದು ಇನ್ನೊಂದು ದಾರಿ. ಉಚಿತವಾಗಿ ಸಿಗುವ ಜಿಂಪ್ ಸಾಕು. ಮೂರು ಫೋಟೊಗಳನ್ನು ಒಂದರ ಮೇಲೊಂದು ಲೇಯರ್ ಆಗಿ ಇಟ್ಟು, ಮಾಸ್ಕ್ ಹಾಕಬೇಕು. ಮಾಸ್ಕ್‌ನಲ್ಲಿ ಬಿಳಿ ಬಳಿದಲ್ಲಿ ಆ ಲೇಯರ್ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ. ತೆಳುವಾದ ಬ್ರಷ್‌ನಿಂದ ಆಕಾಶವನ್ನು ಒಂದರಿಂದ, ಕಂಬವನ್ನು ಇನ್ನೊಂದರಿಂದ ತರುತ್ತೇನೆ. ಮೂಲೆಯ ಕತ್ತಲನ್ನು ಹಾಗೇ ಬಿಡುತ್ತೇನೆ. ಒಂದು ಚಿತ್ರಕ್ಕೆ ತಾಸು ಹಿಡಿಯುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದ.

ಇಷ್ಟೆಲ್ಲ ಏಕೆ ಎನ್ನುವವರು ಇಳಕಲ್‌ಗೆ ಬನ್ನಿ. ನಾನು ಹುನಗುಂದದವನು, ಬಾಗಲಕೋಟೆಯಲ್ಲಿ ಬಿ.ಇ. ಓದುತ್ತಿದ್ದೇನೆ. ರಜೆಯಲ್ಲಿ ಇಳಕಲ್‌ನ ಪರಿಚಯದ ನೇಕಾರರೊಬ್ಬರಿಗೆ ಸೀರೆಗಳ ಫೋಟೊ ತೆಗೆದುಕೊಡುತ್ತೇನೆ. ಕುಣಿ ಮಗ್ಗದ ಕೋಣೆಯಲ್ಲಿ ಬಾಗಿಲ ಬೆಳಕು ಬಿಟ್ಟರೆ ಕತ್ತಲೇ. ಒಂದೇ ಸೀರೆಯ ಎರಡು ಚಿತ್ರ ಮಾಡಿ, ಯಾವುದು ಹೇಗಾಯಿತೆಂದು ಹೇಳದೆ ಮುಂದಿಟ್ಟೆ. ಎಚ್‌ಡಿಆರ್ ಚಿತ್ರ ನೋಡಿ ಅವರು, ‘ಛಲೋ ಹೊಳೀತೈತಿ ತಮ್ಮಾ, ಆದ್ರ ಇದು ನಮ್ಮ ಸೆರಗಿನ ಕೆಂಪಲ್ಲ. ಇದನ್ನ ನೋಡಿ ತಗೊಂಡಾಕಿ ಸೀರಿ ತಿರುಗಿ ಕಳಸ್ತಾಳ’ ಎಂದರು. ಮೊಬೈಲ್‌ನಲ್ಲಿ ಚಿತ್ರ ನೋಡಿ ಕೊಳ್ಳುವ ಈ ಕಾಲದಲ್ಲಿ ತಪ್ಪು ಬಣ್ಣ ಎಂದರೆ ಹಲವು ದಿನಗಳ ದುಡಿಮೆ ವಾಪಸ್ ಬಂದಂತೆ.

ಹಾಗೆಂದು ಸಾಫ್ಟ್‌ವೇರ್ ವೈರಿಯಲ್ಲ. ಮದುವೆಯ ನೂರಾರು ಫೋಟೊಗಳಿಗೆ ಬ್ರಷ್ ಹಿಡಿದು ಕೂರಲಾಗದು. ಎನ್‌ಫ್ಯೂಸ್‌ನಂಥ ಉಚಿತ ತಂತ್ರಾಂಶ ಟೋನ್ ಮ್ಯಾಪಿಂಗ್ ಇಲ್ಲದೆಯೇ, ಪ್ರತಿ ಫೋಟೊದ ಒಳ್ಳೆಯ ಭಾಗಗಳಿಗೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಫಲಿತಾಂಶವೂ ಸಾಕಷ್ಟು ಸಹಜ. ಆದರೆ ಅದು ಲೆಕ್ಕ ಹಾಕುವುದು ಪಿಕ್ಸೆಲ್‌ಗಳನ್ನು. ಯಾವ ನೆರಳು ಉಳಿಯಬೇಕು, ಯಾವ ಕೆಂಪು ನಿಜ ಎಂಬುದು ಅಲ್ಲಿ ನಿಂತು ನೋಡಿದವರಿಗೇ ಗೊತ್ತು.

ಫೋಟೊ ಎಡಿಟಿಂಗ್‌ನಲ್ಲಿ ಕೆಲಸ ಹುಡುಕುವ ಗೆಳೆಯರಿಗೆ ನನ್ನದೊಂದು ಮಾತು: ಮೊದಲ ಹತ್ತು ಚಿತ್ರಗಳನ್ನು ಕೈಯಿಂದಲೇ ಬೆರೆಸಿ. ಆಮೇಲೆ ಸಾಫ್ಟ್‌ವೇರ್ ತೆರೆದರೆ ಯಾವ ಸ್ಲೈಡರ್ ಏನು ಮಾಡುತ್ತಿದೆ, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯುತ್ತದೆ. ‘ಈ ಮೂಲೆ ಯಾಕೆ ಕತ್ತಲು?’ ಎಂದು ಗಿರಾಕಿ ಕೇಳಿದಾಗ ನಿಮ್ಮಲ್ಲಿ ಉತ್ತರ ಇರುತ್ತದೆ.