ಹಾರೆ ಆಮೇಲೆ, ಮೊದಲು ನೋಟ್‌ಬುಕ್

ಆರ್ಕಿಯಾಲಜಿ ಅಂದ್ರೆ ನೆಲ ಅಗೆಯೋದು ಅಂತ ಕಾಮರ್ಸ್ ಓದಿದ ನಾನೂ ಅಂದ್ಕೊಂಡಿದ್ದೆ. ಆದ್ರೆ ಫೀಲ್ಡ್‌ವರ್ಕ್‌ನ ಮೊದಲ ಪಾಠ ನೋಡೋದು, ಬರೆಯೋದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹೊಲದ ಬದುವಲ್ಲೋ ಕೆರೆ ಏರಿ ಮೇಲೋ ವೀರಗಲ್ಲು ಕಂಡ್ರೆ ಕೆಳಗಿನಿಂದ ಮೇಲಕ್ಕೆ ಓದಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನ ಕರೆದೊಯ್ಯೋ ಅಪ್ಸರೆಯರು, ಮೇಲೆ ಶಿವಲಿಂಗ. ಆಮೇಲೆ ಅಳತೆ ತಗೊಳ್ಳಿ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಪಕ್ಕದಲ್ಲೇನಿದೆ ಬರ್ಕೊಳ್ಳಿ, ಸ್ಕೇಲ್ ಇಟ್ಟು ಫೋಟೋ ತೆಗೀರಿ. ಅಕ್ಷರಕ್ಕೆ ಸೀಮೆಸುಣ್ಣ ಬಳಿಯೋದು ಬೇಡ. ಸಂಜೆ ಓರೆ ಬಿಸಿಲಲ್ಲಿ ತಾನೇ ಎದ್ದು ಕಾಣುತ್ತೆ. ತಿಳಿದವರು ಒದ್ದೆ ಕಾಗದ ಹಾಕಿ, ಬ್ರಷ್‌ನಲ್ಲಿ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೀತಾರೆ. ಈ ಶಾಸನ ಮೊದಲೇ ದಾಖಲಾಗಿದ್ಯಾ? ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ 12ನೇ ಸಂಪುಟ ತುಮಕೂರು ಜಿಲ್ಲೆಯದ್ದೇ, ಅಲ್ಲಿ ಹುಡುಕಿ.

ಇನ್ನು ಅಗೆತ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದ್ರು. ಕೆಳಗಿನ ಪದರ ಹಳೇದು, ಮೇಲಿನದು ಹೊಸದು. ಯಾವ ಮಡಕೆ ಚೂರು ಯಾವ ಪದರದಲ್ಲಿತ್ತು ಅನ್ನೋದೇ ಸಾಕ್ಷಿ.

ನಿಧಿ ಆಸೆಗೆ ಗುಂಡಿ ತೋಡಿದ್ರೆ ಆ ಪದರಗಳೆಲ್ಲ ಕಲಸಿಹೋಗುತ್ತೆ. ಮತ್ತೆ ಜೋಡಿಸೋಕೆ ಯಾರಿಂದಲೂ ಆಗಲ್ಲ. ವೀರಗಲ್ಲನ್ನ ಕಿತ್ತು ಬೇರೆ ಕಡೆ ನಿಲ್ಲಿಸಿದ್ರೂ ಅಷ್ಟೇ: ಕಲ್ಲು ಉಳಿಯುತ್ತೆ, ಅದು ಯಾಕೆ ಅಲ್ಲಿತ್ತು ಅನ್ನೋದು ಹೋಗುತ್ತೆ.

ಈ ಭಾನುವಾರ ನಿಮ್ಮೂರ ಒಂದು ಕಲ್ಲು ನೋಡ್ಬನ್ನಿ. ಮುಟ್ಟೋಕೂ ಮುಂಚೆ ಊರ ಹಿರಿಯರನ್ನ ಕೇಳಿ. ಎಷ್ಟೋ ಕಡೆ ಅದಕ್ಕಿನ್ನೂ ಪೂಜೆ ನಡೀತಿದೆ.