ಸ್ಕೈ ಜಿಲ್ಲೆಯ ಒಂಬತ್ತು ರೋಗಿಗಳು

ರೋಗದ ನಕಾಶೆ ಬರೆಯಲು ಕಲಿಯುವವರ ಕೈಗೆ ಮೊದಮೊದಲು ಬರುವ ದತ್ತಾಂಶಗಳಲ್ಲಿ ಸ್ಕಾಟ್ಲೆಂಡಿನದೂ ಒಂದು. 1975ರಿಂದ 1980ರವರೆಗೆ ಅಲ್ಲಿನ 56 ಜಿಲ್ಲೆಗಳ ಗಂಡಸರಲ್ಲಿ ಕಂಡ ತುಟಿ ಕ್ಯಾನ್ಸರ್‌ನ ಪಟ್ಟಿ ಅದು. ಸಣ್ಣ ಪಟ್ಟಿಯೇ. ಆದರೆ ಈ ವಿದ್ಯೆಯ ಬಹುಪಾಲು ತಕರಾರುಗಳು ಅದರೊಳಗೇ ಇವೆ.

ಪಟ್ಟಿಯ ನೆತ್ತಿಯ ಮೇಲೆ ಸ್ಕೈ-ಲೊಖಾಲ್ಶ್ ಜಿಲ್ಲೆ. ಅಲ್ಲಿನ ಜನಸಂಖ್ಯೆಗೂ ವಯೋಮಾನಕ್ಕೂ ತಕ್ಕಂತೆ ಲೆಕ್ಕ ಹಾಕಿದರೆ ಇರಬೇಕಾಗಿದ್ದ ರೋಗಿಗಳು 1.4, ಇದ್ದವರು 9. ಆರು ಪಟ್ಟಿಗೂ ಮೀರಿದ ಅಪಾಯ! ಹೊಸಬರು ಆ ಜಿಲ್ಲೆಗೆ ಕಡುಗೆಂಪು ಬಳಿದು ಕೈತೊಳೆದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಒಬ್ಬ ರೋಗಿ ಕಡಿಮೆಯಾದರೂ ಆ ಅನುಪಾತ ಸುಮಾರು 0.7ರಷ್ಟು ಕುಸಿಯುತ್ತದೆ. 88.7 ನಿರೀಕ್ಷಿಸಿದ್ದಲ್ಲಿ 28 ಮಂದಿ ಸಿಕ್ಕ ಗ್ಲಾಸ್ಗೋದಲ್ಲಿ ಒಬ್ಬರು ಹೆಚ್ಚೋ ಕಡಿಮೆಯೋ ಆದರೆ ಯಾರಿಗೂ ತಿಳಿಯುವುದಿಲ್ಲ. ಜನ ವಿರಳವಾದಷ್ಟೂ ನಕಾಶೆಯ ಬಣ್ಣ ಜೋರು.

ಆನಂಡೇಲ್‌ನದು ಇದರ ತಿರುಗುಮುರುಗು. ನಿರೀಕ್ಷೆ 4.2, ರೋಗಿಗಳು ಸೊನ್ನೆ. ಹಾಗೆಂದು ಅಲ್ಲಿ ಅಪಾಯವೇ ಇಲ್ಲ ಎಂದು ಯಾವ ವೈದ್ಯರೂ ಹೇಳಲಾರರು.

1987ರಲ್ಲಿ ಡೇವಿಡ್ ಕ್ಲೇಟನ್ ಮತ್ತು ಜಾನ್ ಕಾಲ್ಡರ್ ಇದೇ ಪಟ್ಟಿ ಇಟ್ಟುಕೊಂಡು ಪರಿಹಾರ ತೋರಿಸಿದರು. ಮಾಹಿತಿ ಕಡಿಮೆಯಿರುವ ಜಿಲ್ಲೆ ಉಳಿದ ಜಿಲ್ಲೆಗಳಿಂದ ಅದನ್ನು ಕೈಗಡ ತರಲಿ ಎಂಬುದು ಅದರ ತಿರುಳು. ಹಾಗೆ ಮಾಡಿದಾಗ ಸ್ಕೈನ ಅಂಕಿ ಸಾಕಷ್ಟು ಕೆಳಗಿಳಿಯುತ್ತದೆ, 8.7 ನಿರೀಕ್ಷೆಗೆ 39 ರೋಗಿಗಳಿದ್ದ ಬ್ಯಾನ್ಫ್-ಬಕನ್ ಹೆಚ್ಚು ಅಲುಗುವುದಿಲ್ಲ. ಅದಕ್ಕೆ ಸಾಲ ಬೇಕಿಲ್ಲವಲ್ಲ. 1991ರಲ್ಲಿ ಬೆಸಾಗ್, ಯಾರ್ಕ್, ಮೊಲ್ಯೆ ಎಂಬ ಮೂವರು ಪ್ರಕಟಿಸಿದ ಮಾದರಿ ಜಿಲ್ಲೆಯ ಏರಿಳಿತವನ್ನು ಎರಡಾಗಿ ಸೀಳಿತು: ಅಕ್ಕಪಕ್ಕದವರೊಡನೆ ಹಂಚಿಕೊಂಡ ಪಾಲು ಒಂದು, ಆ ಜಿಲ್ಲೆಯದೇ ಆದ ಪಾಲು ಇನ್ನೊಂದು. ಇಂದಿಗೂ ಈ ಕ್ಷೇತ್ರದಲ್ಲಿ ಅದರದೇ ದೊಡ್ಡ ಓಡಾಟ.

ತುಟಿಗೆ ಬಿಸಿಲು ಶತ್ರು. ಹಾಗಾಗಿ ಬೇಸಾಯ, ಮೀನುಗಾರಿಕೆ, ಅರಣ್ಯದ ಕೆಲಸದಲ್ಲಿರುವವರ ಶೇಕಡಾವಾರು ಪ್ರಮಾಣವನ್ನೂ ಮಾದರಿಗೆ ಸೇರಿಸುತ್ತಾರೆ. ಹೊರಗೆ ದುಡಿಯುವವರು ಹೆಚ್ಚಿದ್ದ ಕಡೆ ಒಟ್ಟಾರೆ ರೋಗವೂ ಹೆಚ್ಚು. ಆದರೂ ಸ್ಕೈನಲ್ಲಿ ಅದು ಶೇ 16, ಸೊನ್ನೆ ರೋಗಿಗಳ ಆನಂಡೇಲ್‌ನಲ್ಲೂ ಶೇ 16! ಇನ್ನೊಂದು ಮಾತು: ಇವು ಜಿಲ್ಲೆಯ ಸರಾಸರಿಗಳು. ಸ್ಕೈನ ಆ ಒಂಬತ್ತು ಮಂದಿ ಹೊಲದಲ್ಲಿ ದುಡಿದವರೋ ಅಂಗಡಿಯಲ್ಲಿ ಕುಳಿತವರೋ, ಪಟ್ಟಿ ಬಾಯಿಬಿಡುವುದಿಲ್ಲ.

ಇಷ್ಟು ಅರ್ಥವಾದ ಮೇಲೂ ಒಂದು ಕೆಲಸ ಕಂಪ್ಯೂಟರಿನದಲ್ಲ. ಯಾವ ಜಿಲ್ಲೆಗೆ ಯಾವುದು ನೆರೆ ಎಂಬ ಪಟ್ಟಿಯನ್ನು ಮೊದಲೇ ಕೊಡಬೇಕು. ಗಡಿ ತಾಗಿದರೆ ನೆರೆ ಎಂದುಬಿಡುವುದು ಸುಲಭ, ಆರ್ಕ್ನಿ ಮತ್ತು ಶೆಟ್‌ಲೆಂಡ್ ಎದುರಾಗುವವರೆಗೆ. ಅವು ದ್ವೀಪಗಳು; ನೆಲದ ಗಡಿ ಯಾರೊಂದಿಗೂ ಇಲ್ಲ. ಕಲಿಯುವವರ ಪ್ರೋಗ್ರಾಮು ಅನೇಕ ವೇಳೆ ಮುಗ್ಗರಿಸುವುದು ಅಲ್ಲೇ. ದೋಣಿ ಹೋಗಿಬರುವ ಎದುರು ದಡವನ್ನು ನೆರೆಮನೆ ಎನ್ನಬೇಕೇ, ಆ ದ್ವೀಪಗಳನ್ನು ಅವುಗಳ ಪಾಡಿಗೆ ಬಿಡಬೇಕೇ ಎಂದು ಕೀಲಿಮಣೆಯ ಮುಂದೆ ಕುಳಿತವರೇ ತೀರ್ಮಾನಿಸಬೇಕು.