ಲೇಖನಿಯ ಬೆಲೆ, ಹೆಸರಿನ ಬೆಲೆ

ಹಾಸನ ನಗರದಿಂದ ಸಾಲಗಾಮೆಯ ಕಡೆಗೆ ಸಾಗುವ ದಾರಿಗೆ ಸಾಲಗಾಮೆ ರಸ್ತೆಯೆಂದೇ ಹೆಸರು. 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವುದು ಈ ರಸ್ತೆಯಲ್ಲಿಯೇ. ಹೋಬಳಿ ಕೇಂದ್ರವಾದ ಸಾಲಗಾಮೆಯಿಂದಲೂ ಅದರ ಸುತ್ತಣ ಹಳ್ಳಿಗಳಿಂದಲೂ ಓದಿಗಾಗಿ ನಗರಕ್ಕೆ ಬರುವ ಮಕ್ಕಳು ಈ ಹಾದಿಯನ್ನು ಚೆನ್ನಾಗಿ ಬಲ್ಲರು. ಅಂತಹ ವಿದ್ಯಾರ್ಥಿಯೊಬ್ಬನು ಪರೀಕ್ಷೆಗೆ ಮುನ್ನ ಲೇಖನಿಯೊಂದನ್ನು ಕೊಳ್ಳಲು ಪುಸ್ತಕದಂಗಡಿಯ ಮೆಟ್ಟಿಲೇರಿದನೆಂದು ಭಾವಿಸೋಣ. ಪೆನ್ನಿನ ಮೇಲೆ ನೂರು ರೂಪಾಯಿ ಎಂದು ಅಚ್ಚಾಗಿದೆ. "ಅಣ್ಣ, ಸ್ವಲ್ಪ ಕಡಿಮೆ ಮಾಡಿಕೊಡಿ" ಎಂದು ಅವನು ಕೇಳುತ್ತಾನೆ. ಅಂಗಡಿಯಾತನು ಕ್ಷಣಕಾಲ ಯೋಚಿಸಿ ತೊಂಬತ್ತು ರೂಪಾಯಿಗೆ ಕೊಡುತ್ತಾನೆ. ಗಣಿತದ ಪಾಠದಲ್ಲಿ ಕಲಿತ ಸೋಡಿ ಎಂಬ ಪದದ ಅರ್ಥ ಹುಡುಗನಿಗೆ ಅಲ್ಲಿ ಪ್ರತ್ಯಕ್ಷವಾಗುತ್ತದೆ.

ಅದೇ ಹುಡುಗನು ಬೆಂಗಳೂರಿಗೆ ಹೋಗಿ, ಜಗತ್ಪ್ರಸಿದ್ಧ ಕಂಪನಿಯೊಂದು ತನ್ನ ಹೆಸರಿನಲ್ಲೇ ತೆರೆದಿರುವ ವೈಭವದ ಮಳಿಗೆಯನ್ನು ಹೊಕ್ಕು ಇದೇ ಮಾತನ್ನು ಕೇಳಿದರೆ ಏನಾದೀತು? ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವೆಲ್ವೆಟ್ಟಿನ ಮೇಲೆ ಮಲಗಿರುವ ಒಂದೊಂದು ಲೇಖನಿಗೂ ಹತ್ತಾರು ಸಾವಿರ ರೂಪಾಯಿ. ಮಾರುವವರು ವಿನಯದಿಂದ ಕುಳ್ಳಿರಿಸುತ್ತಾರೆ, ಬರೆದು ನೋಡಲು ಒಳ್ಳೆಯ ಕಾಗದ ಕೊಡುತ್ತಾರೆ. ಆದರೆ ಬೆಲೆಯನ್ನು ಇಳಿಸುವುದಿಲ್ಲ. ನೂರು ರೂಪಾಯಿಯ ಪೆನ್ನಿನಲ್ಲಿ ಹತ್ತು ರೂಪಾಯಿ ಬಿಡಲು ಬಡ ಅಂಗಡಿಗೆ ಸಾಧ್ಯವಾದರೆ, ಹತ್ತಾರು ಸಾವಿರದ ಪೆನ್ನಿನಲ್ಲಿ ನೂರು ರೂಪಾಯಿ ಬಿಡಲು ಸಿರಿವಂತ ಮಳಿಗೆಗೆ ಏಕೆ ಸಾಧ್ಯವಾಗದು? ಇದಕ್ಕೆ ಉತ್ತರ ಹುಡುಕಬೇಕಾದರೆ ಲೇಖನಿಯ ಬೆಲೆಯೊಳಗೆ ಏನೇನು ಅಡಗಿದೆಯೆಂಬುದನ್ನು ಮೊದಲು ತಿಳಿಯಬೇಕು.

ಶಾಯಿಯ ಪೆನ್ನು ನೋಡಲು ಸರಳವಾದರೂ ಅದರ ರಚನೆ ಸೂಕ್ಷ್ಮವಾದುದು. ಹೊಟ್ಟೆಯೊಳಗಿನ ಶಾಯಿ ಒಮ್ಮೆಲೇ ಸುರಿಯಲೂ ಬಾರದು, ಬರೆಯುವಾಗ ನಿಲ್ಲಲೂ ಬಾರದು. ಹೊರಹೋದ ಶಾಯಿಯ ಸ್ಥಾನಕ್ಕೆ ಅಷ್ಟೇ ಪ್ರಮಾಣದ ಗಾಳಿ ಒಳಗೆ ಬರಬೇಕು. ಹಳೆಯ ಪೆನ್ನುಗಳಲ್ಲಿ ಈ ಸಮತೋಲ ತಪ್ಪಿ, ಕಾಗದದ ಮೇಲೆ ಶಾಯಿ ಚೆಲ್ಲುವುದು ಸಾಮಾನ್ಯವಾಗಿತ್ತು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಎಂಬಾತನು ಮುಳ್ಳಿನ ಅಡಿಯ ಭಾಗದಲ್ಲಿ ಸಣ್ಣ ಸೀಳುಗಾಲುವೆಗಳನ್ನು ಕೊರೆದು ಶಾಯಿ ಮತ್ತು ಗಾಳಿ ಎರಡನ್ನೂ ಹತೋಟಿಗೆ ತರುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅಂದಿನ ಶಾಯಿಗಳಲ್ಲಿದ್ದ ಆಮ್ಲವು ಉಕ್ಕಿನ ಮುಳ್ಳನ್ನು ತಿಂದುಹಾಕುತ್ತಿದ್ದುದರಿಂದ ಮುಳ್ಳನ್ನು ಚಿನ್ನದಲ್ಲಿ ಮಾಡುತ್ತಿದ್ದರು. ಚಿನ್ನ ಮೆದುವಾದ ಲೋಹ. ಕಾಗದದ ಮೇಲೆ ಉಜ್ಜಿ ಸವೆಯುತ್ತದೆ. ಆದ್ದರಿಂದ ಅದರ ತುದಿಗೆ ಆಸ್ಮಿಯಂ, ಇರಿಡಿಯಂ ಮುಂತಾದ ಗಡಸು ಲೋಹಗಳ ಮಿಶ್ರಣದ ಒಂದು ಕಣವನ್ನು ಬೆಸೆಯುತ್ತಿದ್ದರು. ಹದಿನಾಲ್ಕು ಕ್ಯಾರಟ್ಟಿನ ಮುಳ್ಳಿನಲ್ಲಿ ನೂರಕ್ಕೆ 58.5 ಭಾಗ ಚಿನ್ನವಿರುತ್ತದೆ. ಹೀಗೆ ಚಿನ್ನದ ಮುಳ್ಳು ಮೊದಲು ಹುಟ್ಟಿದ್ದು ಅಲಂಕಾರಕ್ಕಲ್ಲ, ಅಗತ್ಯಕ್ಕೆ.

ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಆ ಅಗತ್ಯವು ಬಹುಮಟ್ಟಿಗೆ ತೀರಿತು. 1938ರಲ್ಲಿ ಹಂಗೇರಿಯ ಲಾಸ್ಲೋ ಬಿರೋ ಎಂಬಾತನು ಗುಂಡುಮೊನೆಯ ಪೆನ್ನಿಗೆ ಹಕ್ಕುಪತ್ರ ಪಡೆದ ತರುವಾಯ ಶಾಯಿಯ ಪೆನ್ನಿಲ್ಲದೆಯೂ ಬರವಣಿಗೆ ನಡೆಯತೊಡಗಿತು. ಈಗ ಕೆಲವೇ ರೂಪಾಯಿಗಳ ಬಾಲ್‌ಪೆನ್ನಿನಿಂದ ಪರೀಕ್ಷೆಯ ಉತ್ತರಗಳನ್ನೆಲ್ಲ ಬರೆದು ಮುಗಿಸಬಹುದು. ಆದರೂ ಬೆಲೆಬಾಳುವ ಲೇಖನಿಗಳು ಮರೆಯಾಗಲಿಲ್ಲ. ಅವುಗಳ ಬೆಲೆಯೂ ಇಳಿಯಲಿಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1906ರಲ್ಲಿ ಮೊದಲಾದ ಮಾಂಟ್‌ಬ್ಲಾಂಕ್ ಸಂಸ್ಥೆಯನ್ನೇ ನೋಡಬಹುದು. 1924ರಲ್ಲಿ ಅದು ಹೊರತಂದ ಮೈಸ್ಟರ್‌ಸ್ಟುಕ್ ಎಂಬ ಪೆನ್ನು ಇಂದಿಗೂ ಮಾರಾಟದಲ್ಲಿದೆ. ಅದರ ಮುಚ್ಚಳದ ತುದಿಯಲ್ಲಿ ಹಿಮಶಿಖರವನ್ನು ಸೂಚಿಸುವ ಬಿಳಿಯ ನಕ್ಷತ್ರ, ಮುಳ್ಳಿನ ಮೇಲೆ ಮಾಂಟ್‌ಬ್ಲಾಂಕ್ ಪರ್ವತದ ಎತ್ತರವನ್ನು ಮೀಟರುಗಳಲ್ಲಿ ಹೇಳುವ 4810 ಎಂಬ ಅಂಕಿ. ಇವು ಬರವಣಿಗೆಗೆ ಕಿಂಚಿತ್ತೂ ನೆರವಾಗುವುದಿಲ್ಲ. ಆದರೆ ಲೇಖನಿ ಯಾರದೆಂಬುದನ್ನು ನೋಡಿದವರಿಗೆ ಸಾರುತ್ತವೆ.

ಇಲ್ಲಿ ಬೆಲೆಯ ರಹಸ್ಯವು ಬಯಲಾಗುತ್ತದೆ. ಬೆಲೆಬಾಳುವ ಲೇಖನಿಯ ಕ್ರಯದಲ್ಲಿ ಎರಡು ಭಾಗಗಳಿವೆ. ಒಂದು ಕೆಲಸದ ಬೆಲೆ: ಲೋಹ, ಯಂತ್ರ, ಕುಶಲಿಯ ಶ್ರಮ, ಪರೀಕ್ಷಣೆ, ಸಾಗಣೆ, ತೆರಿಗೆ. ಇನ್ನೊಂದು ಹೆಸರಿನ ಬೆಲೆ: ಆ ಗುರುತನ್ನು ಧರಿಸುವುದರಿಂದ ದೊರೆಯುವ ಪ್ರತಿಷ್ಠೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನರು ಕೆಲವು ವಸ್ತುಗಳನ್ನು ಉಪಯೋಗಕ್ಕಾಗಿ ಮಾತ್ರವಲ್ಲದೆ ತಮ್ಮ ಸಿರಿಯನ್ನು ಇತರರಿಗೆ ತೋರಿಸಲೆಂದು ಕೊಳ್ಳುತ್ತಾರೆಂದು ವಿವರಿಸಿದನು. ಅಂತಹ ವಸ್ತುವಿನ ಬೆಲೆ ಇಳಿದರೆ ಅದರ ಆಕರ್ಷಣೆಯೂ ಇಳಿಯುತ್ತದೆ. ಎಲ್ಲರ ಜೇಬಿನಲ್ಲಿಯೂ ಕಾಣುವ ನಕ್ಷತ್ರವು ಪ್ರತಿಷ್ಠೆಯ ಗುರುತಾಗಿ ಉಳಿಯದು. ಕಂಪನಿಯ ಸ್ವಂತ ಮಳಿಗೆಯು ಸಾಮಾನ್ಯವಾಗಿ ಸೋಡಿ ಕೊಡದಿರುವುದಕ್ಕೆ ಇದೇ ಮುಖ್ಯ ಕಾರಣ. ನಿನ್ನೆ ಪೂರ್ಣ ಬೆಲೆ ತೆತ್ತವನು ಇಂದು ಇನ್ನೊಬ್ಬನು ಕಡಿಮೆಗೆ ಕೊಂಡುದನ್ನು ಕಂಡರೆ ತಾನು ಮೋಸಹೋದೆನೆಂದು ಭಾವಿಸುವನು ಎಂಬುದು ಮತ್ತೊಂದು ಕಾರಣ.

ಮೂರನೆಯ ಕಾರಣವನ್ನು ಹಾಸನದ ರೈತನಷ್ಟು ಸ್ಪಷ್ಟವಾಗಿ ಬೇರಾರೂ ಅರಿಯರು. ಈ ಜಿಲ್ಲೆ ಆಲೂಗಡ್ಡೆಯ ಬೆಳೆಗೆ ಹೆಸರಾದುದು. ಮುಂಗಾರಿನಲ್ಲಿ ನೆಟ್ಟ ಗೆಡ್ಡೆ ಸುಮಾರು ಮೂರು ತಿಂಗಳಿಗೆ ಕೈಗೆ ಬರುತ್ತದೆ. ಮಳೆಯ ತೇವದಲ್ಲಿ ಕಿತ್ತ ಆಲೂಗಡ್ಡೆ ಬಹುದಿನ ನಿಲ್ಲದು. ಮಾರುಕಟ್ಟೆಗೆ ಮೂಟೆಗಳು ಒಮ್ಮೆಲೇ ಬಂದು ಬಿದ್ದಾಗ ಬೆಲೆ ಕುಸಿಯುತ್ತದೆ. ಬೆಲೆ ಬರುವ ತನಕ ಕಾಯೋಣವೆಂದರೆ ಮಾಲು ಕೊಳೆಯುತ್ತದೆ. ಆದ್ದರಿಂದ ಬೆಳೆದವನು ಕೊಳ್ಳುವವನು ಹೇಳಿದ ದರಕ್ಕೆ ತಲೆಬಾಗುತ್ತಾನೆ. ಲೇಖನಿಯಾದರೋ ಕೊಳೆಯುವುದಿಲ್ಲ, ಮೊಳಕೆಯೊಡೆಯುವುದಿಲ್ಲ. ಈ ವರ್ಷ ಮಾರಾಟವಾಗದಿದ್ದರೆ ಮುಂದಿನ ವರ್ಷ ಮಾರಾಟವಾದೀತು. ಕಾಯಬಲ್ಲವನು ಬೆಲೆಯನ್ನು ತಾನೇ ನಿಶ್ಚಯಿಸುತ್ತಾನೆ. ಕಾಯಲಾರದವನಿಗೆ ಬೆಲೆಯನ್ನು ಇತರರು ನಿಶ್ಚಯಿಸುತ್ತಾರೆ.

ಹೆಸರಿನ ಬೆಲೆಯನ್ನು ಕಾಯ್ದುಕೊಳ್ಳುವ ಹಟವು ಕೆಲವೊಮ್ಮೆ ವಿಪರೀತಕ್ಕೆ ಹೋಗುವುದುಂಟು. ಇಂಗ್ಲೆಂಡಿನ ಬರ್ಬೆರಿ ಎಂಬ ಉಡುಪಿನ ಸಂಸ್ಥೆಯು ಒಂದೇ ವರ್ಷದಲ್ಲಿ 2 ಕೋಟಿ 86 ಲಕ್ಷ ಪೌಂಡು ಮೌಲ್ಯದ, ಮಾರಾಟವಾಗದ ಸರಕನ್ನು ನಾಶಪಡಿಸಿದ ಸಂಗತಿ 2018ರಲ್ಲಿ ಅದರ ವಾರ್ಷಿಕ ವರದಿಯಿಂದಲೇ ಹೊರಬಿದ್ದಿತು. ಅಗ್ಗಕ್ಕೆ ಮಾರುವುದಕ್ಕಿಂತ ಹಾಳುಮಾಡುವುದೇ ಲೇಸೆಂಬ ಈ ಲೆಕ್ಕವನ್ನು ಜನರು ಕಟುವಾಗಿ ಖಂಡಿಸಿದರು. ಅದೇ ವರ್ಷ ಆ ಸಂಸ್ಥೆಯು ಆ ಪದ್ಧತಿಯನ್ನು ಕೈಬಿಡುವುದಾಗಿ ಸಾರಿತು. ಫ್ರಾನ್ಸ್ ದೇಶವು 2020ರಲ್ಲಿ ಮಾರಾಟವಾಗದ ವಸ್ತುಗಳ ನಾಶವನ್ನು ತಡೆಯುವ ಕಾನೂನನ್ನೇ ಮಾಡಿತು.

ಹಾಗಾದರೆ ಹೆಸರಾಂತ ಲೇಖನಿಗಳು ಎಲ್ಲಿಯೂ ಕಡಿಮೆ ಬೆಲೆಗೆ ಸಿಗುವುದಿಲ್ಲವೆ? ಸಿಗುತ್ತವೆ. ಹಲವು ಕಂಪನಿಗಳ ಪೆನ್ನುಗಳನ್ನು ಒಟ್ಟಿಗೆ ಮಾರುವ ಸ್ವತಂತ್ರ ವ್ಯಾಪಾರಿಯ ಸ್ಥಿತಿ ಕಂಪನಿಯ ಸ್ವಂತ ಮಳಿಗೆಯಂತಲ್ಲ. ಅವನು ತನ್ನ ಬಂಡವಾಳವನ್ನು ಹಾಕಿ ಸರಕನ್ನು ತಂದಿರುತ್ತಾನೆ. ಕಪಾಟಿನಲ್ಲಿ ಕುಳಿತ ಪೆನ್ನು ಅವನ ಪಾಲಿಗೆ ಕಟ್ಟಿಹೋದ ಹಣ. ಅದನ್ನು ಬಿಡಿಸಿಕೊಳ್ಳಲು ಅವನು ತನ್ನ ಲಾಭದಲ್ಲಿ ಒಂದು ಪಾಲನ್ನು ಬಿಟ್ಟುಕೊಡುವನು. ತಯಾರಿಕೆ ನಿಂತುಹೋದ ಮಾದರಿಗಳು, ಹಬ್ಬದ ಕಾಲ, ಒಟ್ಟಿಗೆ ಹಲವನ್ನು ಕೊಳ್ಳುವ ಗಿರಾಕಿ - ಇಂತಹ ಸಂದರ್ಭಗಳಲ್ಲಿ ಸೋಡಿ ದೊರೆಯುವುದು ಸಹಜ. ಕಂಪನಿಯ ಮಳಿಗೆಯಾದರೋ ಬೆಲೆಯನ್ನು ಇಳಿಸುವ ಬದಲು ಪೆನ್ನಿನ ಮೇಲೆ ಹೆಸರು ಕೆತ್ತಿಕೊಡುವುದು, ಶಾಯಿಯ ಬುಡ್ಡಿಯನ್ನು ಜೊತೆಗಿಡುವುದು ಮುಂತಾದ ಉಪಚಾರಗಳಿಂದ ಗಿರಾಕಿಯನ್ನು ತೃಪ್ತಿಪಡಿಸುತ್ತದೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಕೊಳ್ಳುವವರೆಲ್ಲರೂ ಅರಿತಿರಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳ ಮೇರೆಗೆ ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಮಾರಾಟ ಬೆಲೆಯನ್ನು ಎಲ್ಲ ತೆರಿಗೆಗಳೂ ಸೇರಿದಂತೆ ಮುದ್ರಿಸಬೇಕು. ಗರಿಷ್ಠವೆಂದರೆ ಅದಕ್ಕಿಂತ ಹೆಚ್ಚು ಕೇಳಕೂಡದು ಎಂದರ್ಥವೇ ಹೊರತು ಅದಕ್ಕಿಂತ ಕಡಿಮೆಗೆ ಕೊಡಕೂಡದು ಎಂದಲ್ಲ. ಸೋಡಿ ಕೊಡುವುದು ಮಾರುವವನ ಇಚ್ಛೆ. ಅದನ್ನು ಕೇಳುವುದರಲ್ಲಿ ಕೊಳ್ಳುವವನಿಗೆ ನಾಚಿಕೆಪಡಬೇಕಾದುದೇನೂ ಇಲ್ಲ.

ಆದರೆ ಸೋಡಿಯೆಂಬ ಪದದ ಮೋಹಕ್ಕೆ ಒಳಗಾಗುವುದೂ ಅಪಾಯವೇ. ಒಂದು ಅಂಗಡಿಯು ಪೆನ್ನಿಗೆ ಐನೂರು ರೂಪಾಯಿ ಎಂದು ಬರೆದು, ನೂರಕ್ಕೆ ನಲವತ್ತು ಸೋಡಿ ಎಂದು ದೊಡ್ಡ ಅಕ್ಷರಗಳಲ್ಲಿ ಸಾರುತ್ತದೆಂದು ತಿಳಿಯೋಣ. ಕೊಳ್ಳುವವನು ಕೊಡುವುದು ಮುನ್ನೂರು ರೂಪಾಯಿ. ಪಕ್ಕದ ಅಂಗಡಿಯು ಅದೇ ಗುಣದ ಪೆನ್ನನ್ನು ಯಾವ ಘೋಷಣೆಯೂ ಇಲ್ಲದೆ ಇನ್ನೂರ ಎಂಬತ್ತಕ್ಕೆ ಮಾರುತ್ತಿದೆ. ಮೊದಲನೆಯ ಅಂಗಡಿಯಲ್ಲಿ ಕೊಂಡವನು ಇನ್ನೂರು ರೂಪಾಯಿ ಉಳಿಸಿದೆನೆಂದು ಹಿಗ್ಗುತ್ತಾನೆ. ವಾಸ್ತವದಲ್ಲಿ ಇಪ್ಪತ್ತು ರೂಪಾಯಿ ಕಳೆದುಕೊಂಡಿದ್ದಾನೆ. ಇನ್ನು, ಎಲ್ಲೆಡೆ ಪೂರ್ಣ ಬೆಲೆಗೆ ಮಾರುವ ಪ್ರಸಿದ್ಧ ಲೇಖನಿಯನ್ನು ಅಪರಿಚಿತನೊಬ್ಬನು ಕಾಲು ಬೆಲೆಗೆ ಕೊಡುತ್ತೇನೆಂದರೆ, ಅದು ಹೆಸರನ್ನು ಕದ್ದ ನಕಲಿ ಸರಕಾಗಿರುವ ಸಂಭವವೇ ಹೆಚ್ಚು.

ಹೆಸರಿನ ಬೆಲೆಗೂ ಒಂದು ಎಲ್ಲೆಯಿದೆಯೆಂಬುದನ್ನು ನಮ್ಮ ದೇಶದಲ್ಲಿಯೇ ನಡೆದ ಘಟನೆಯೊಂದು ತೋರಿಸಿತು. 2009ರಲ್ಲಿ ಮಾಂಟ್‌ಬ್ಲಾಂಕ್ ಸಂಸ್ಥೆಯು ಮಹಾತ್ಮ ಗಾಂಧೀಜಿಯವರ ನೆನಪಿಗೆಂದು ವಿಶೇಷ ಲೇಖನಿಗಳನ್ನು ಹೊರತಂದಿತು. 1930ರ ದಂಡಿಯಾತ್ರೆಯ 241 ಮೈಲಿಗಳಿಗೆ ಸರಿಯಾಗಿ ಅವುಗಳ ಸಂಖ್ಯೆಯೂ 241. ಒಂದೊಂದರ ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಮಿಗಿಲು. ಚಿನ್ನದ ಮುಳ್ಳಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧೀಜಿಯ ಚಿತ್ರವಿದ್ದಿತು. ರಾಷ್ಟ್ರೀಯ ಲಾಂಛನಗಳನ್ನೂ ಗೌರವಾನ್ವಿತರ ಹೆಸರುಗಳನ್ನೂ ವ್ಯಾಪಾರಕ್ಕೆ ಬಳಸುವುದನ್ನು ನಿರ್ಬಂಧಿಸುವ 1950ರ ಕಾನೂನನ್ನು ಮುಂದಿಟ್ಟು ಕೇರಳದ ಹೈಕೋರ್ಟಿನಲ್ಲಿ ಮೊಕದ್ದಮೆ ಹೂಡಲಾಯಿತು. 2010ರಲ್ಲಿ ಸಂಸ್ಥೆಯು ಭಾರತದಲ್ಲಿ ಆ ಲೇಖನಿಯ ಮಾರಾಟವನ್ನು ನಿಲ್ಲಿಸಿತು. ಇದೇ ಗಾಂಧೀಜಿ ಒಮ್ಮೆ ಒಂದು ಮೋಟು ಪೆನ್ಸಿಲ್ ಕಳೆದುಹೋಯಿತೆಂದು ಕಳವಳದಿಂದ ಹುಡುಕಿದುದನ್ನು ಅವರ ಒಡನಾಡಿ ಕಾಕಾ ಕಾಲೇಲ್ಕರರು ಸ್ಮರಿಸಿದ್ದಾರೆ. ಬೇರೆ ಪೆನ್ಸಿಲ್ ಕೊಡುತ್ತೇನೆಂದರೂ ಗಾಂಧೀಜಿ ಒಪ್ಪಲಿಲ್ಲ. ಮದರಾಸಿನಲ್ಲಿ ಪುಟ್ಟ ಹುಡುಗನೊಬ್ಬನು ಪ್ರೀತಿಯಿಂದ ಕೊಟ್ಟ ಪೆನ್ಸಿಲ್ ಅದಾಗಿತ್ತು. ಹನ್ನೊಂದು ಲಕ್ಷದ ಪೆನ್ನಿಗೂ ಆ ಮೋಟು ಪೆನ್ಸಿಲಿಗೂ ಇರುವ ಅಂತರವನ್ನು ಯಾವ ಬೆಲೆಚೀಟಿಯೂ ಹೇಳಲಾರದು.

ಹೆಸರಿನ ಮೇಲೆ ಅಭಿಮಾನವಿಡುವುದೇ ತಪ್ಪೆಂದು ಇದರಿಂದ ತಿಳಿಯಬೇಕಾಗಿಲ್ಲ. ವಸ್ತುವಿನ ಮೇಲೆ ಹೆಸರು ಬರೆಯುವ ಪದ್ಧತಿ ಹಾಸನ ಜಿಲ್ಲೆಗೆ ಹೊಸದಲ್ಲ. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪದ ಹೆಸರನ್ನೇ ಹೊತ್ತ ಬಳಪದ ಕಲ್ಲಿನಲ್ಲಿ ಇಲ್ಲಿ ಹೊಯ್ಸಳರ ದೇಗುಲಗಳು ಅರಳಿದವು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಶಿಲ್ಪಗಳ ಪೀಠದ ಮೇಲಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಉಳಿದಿವೆ. ಈ ಕೆಲಸಕ್ಕೆ ನಾನು ಹೊಣೆ ಎಂದು ಆ ಅಕ್ಷರಗಳು ಹೇಳುತ್ತವೆ. ಅಲ್ಲಿ ಕೆಲಸ ಮೊದಲು, ಹೆಸರು ಅನಂತರ. ಒಳ್ಳೆಯ ಲೇಖನಿಯ ಮೇಲಿನ ಗುರುತು ಕೂಡ ಇಷ್ಟನ್ನು ಹೇಳಿದರೆ ಅದಕ್ಕೆ ತಕ್ಕ ಬೆಲೆಯನ್ನು ಕೊಡಬಹುದು. ಅದಕ್ಕಿಂತ ಮಿಗಿಲಾದುದು ಪ್ರತಿಷ್ಠೆಗೆ ತೆರುವ ಕಪ್ಪ. ಅದನ್ನು ತೆರಬೇಕೋ ಬೇಡವೋ ಎಂಬುದನ್ನು ಕೊಳ್ಳುವವನು ತಾನೇ ನಿರ್ಧರಿಸಬೇಕು.

ಸಾಲಗಾಮೆಯ ಆ ಹುಡುಗನ ಜೇಬಿನಲ್ಲಿರುವ ನೂರು ರೂಪಾಯಿ, ಮಳೆಗೆ ಮುನ್ನ ಮೂಟೆ ಸಾಗಿಸಲು ಅವಸರಪಟ್ಟ ಅವನ ತಂದೆಯು ಸಿಕ್ಕಿದ ದರಕ್ಕೆ ಆಲೂಗಡ್ಡೆ ಮಾರಿ ತಂದ ಹಣವಾಗಿರಬಹುದು. ಅಂತಹ ಹಣವನ್ನು ಕೈಯಲ್ಲಿ ಹಿಡಿದವನು ಎಷ್ಟು ಸೋಡಿ ಎಂದು ಕೇಳುವುದಕ್ಕೆ ಮೊದಲು, ಮುಳ್ಳು ನಯವಾಗಿ ಓಡುತ್ತದೆಯೆ, ಶಾಯಿ ಚೆಲ್ಲದೆ ಇಳಿಯುತ್ತದೆಯೆ, ಕೆಟ್ಟರೆ ರಿಪೇರಿ ಮಾಡುವವರು ಊರಿನಲ್ಲಿರುವರೆ ಎಂದು ವಿಚಾರಿಸಲಿ. ಬಳಿಕ ಬಿಳಿಯ ಹಾಳೆಯ ಮೇಲೆ ತನ್ನ ಹೆಸರನ್ನು ಒಮ್ಮೆ ಬರೆದು ನೋಡಲಿ. ಅಕ್ಷರ ಚೆನ್ನಾಗಿ ಮೂಡಿದರೆ ಆ ಲೇಖನಿ ಅವನಿಗೆ ತಕ್ಕುದು.